ಅತ್ತೆಗಿಂತ ಮೊದಲು ಹೊರಟ ಚೀಲ

ನನಗೆ ತಿರುಗಾಟದ ಹುಚ್ಚು. ಸಣ್ಣಪುಟ್ಟ ಹುಚ್ಚಲ್ಲ, ಒಲೆ ಮೇಲೆ ಹಾಲಿಟ್ಟು ಮೊಬೈಲಿನಲ್ಲಿ ರೈಲಿನ ಟೈಮು ನೋಡುತ್ತಾ ನಿಂತು ಹಾಲು ಉಕ್ಕಿಸುವಷ್ಟು ಹುಚ್ಚು. ಕೋಲಾರದ ಒಂದು ಕಾಲೇಜಿನ ಆಫೀಸಿನಲ್ಲಿ ಕೂತು ಇಡೀ ದಿನ ಅರ್ಜಿಗಳಿಗೆ ಸೀಲು ಒತ್ತುವವಳು ನಾನು. ಸಂಜೆ ಮನೆಗೆ ಬಂದರೆ ನೋಟ್‌ಬುಕ್ ತೆಗೆದು, ಹೋಗದ ಊರುಗಳಿಗೆಲ್ಲ ಪ್ಲಾನು ಬರೆಯುತ್ತೇನೆ. ಎಷ್ಟು ಗಂಟೆಗೆ ಏಳುವುದು, ಯಾವ ಬಸ್ಸು, ಎಲ್ಲಿ ತಿಂಡಿ, ಅಲ್ಲಿ ಇಡ್ಲಿ ಮುಗಿದುಹೋಗಿದ್ದರೆ ಏನು ಗತಿ, ಎಲ್ಲಾ. ನಮ್ಮೆಜಮಾನರು ಮಾತ್ರ ಸೋಫಾ ಬಿಟ್ಟು ಏಳದ ಆಸಾಮಿ. "ಮನೇಲಿ ಏನು ಕಮ್ಮಿಯಾಗಿದೆ ಅಂತ ಹೊರಗಡೆ ಹೋಗ್ತೀಯ?" ಎಂದು ಕೇಳುತ್ತಾರೆ. ಆದರೂ ಗೋಗರೆದರೆ ಬರುತ್ತಾರೆ, ಪಾಪ.

ನಿಜವಾದ ಅಡ್ಡಗಾಲು ಅವರಲ್ಲ, ಅವರ ತಾಯಿ. ಮುಳಬಾಗಿಲು ಕಡೆಯ ದೇವರಾಯಸಮುದ್ರದ ಹೆಣ್ಣು. ಶಕುನ, ಗಳಿಗೆ, ರಾಹುಕಾಲ ಎಲ್ಲಾ ಬಾಯಿಪಾಠ. ನಾವಿಬ್ಬರೂ ಮೈಸೂರಿಗೆ ಹೊರಟಾಗ ಬೆಕ್ಕು ಅಡ್ಡ ಬಂತು. ಹಂಪಿಗೆ ಹೊರಟಾಗ ಒಂಟಿ ಸೀನು. ಸೀನಿದವರು ಯಾರು ಅಂತೀರಿ? ಅವರೇ! "ಇನ್ನೊಂದು ಸೀನಿಬಿಡಿ ಅತ್ತೆ, ಸರಿಹೋಗುತ್ತೆ" ಎಂದು ಬೇಡಿಕೊಂಡೆ. "ಬರ್ಬೇಕಲ್ಲ ಕಣೇ" ಎಂದು ಮೂಗು ಒರೆಸಿಕೊಂಡರು. ಬಸ್ಸು ಹೋಯಿತು. ಮದುವೆಯಾಗಿ ಇಪ್ಪತ್ತೆರಡು ವರ್ಷ ಇದೇ ಹಣೆಬರಹ.

ಅಂಥವರು ಈ ಬೇಸಿಗೆಯಲ್ಲಿ ಒಂದು ಮಾತು ಹೇಳಿ ನನ್ನನ್ನು ಬೆಚ್ಚಿಬೀಳಿಸಿದರು. ಮಂಡಿ ನೋವಿಗೆಂದು ಡಾಕ್ಟರ ಹತ್ತಿರ ಹೋಗಿದ್ದೆವು. ಮಂಡಿ ಸವೆದಿದೆ, ಇನ್ನೊಂದು ವರ್ಷಕ್ಕೆ ಓಡಾಟ ಕಷ್ಟವಾಗಬಹುದು ಎಂದರು ಅವರು. ವಾಪಸ್ಸು ಬರುವಾಗ ಆಟೋದಲ್ಲಿ ಅತ್ತೆ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದರು. ಕ್ಲಾಕ್ ಟವರ್ ದಾಟಿದ ಮೇಲೆ, "ನಾನು ಸಮುದ್ರ ನೋಡಿಲ್ಲ ಕಣೇ" ಎಂದರು. "ಕಾಲಿರೋವಾಗ್ಲೇ ಒಂದ್ಸಲ ಕರ್ಕೊಂಡೋಗು. ದೂರದಿಂದ ನೋಡೋದಲ್ಲ, ನೀರಲ್ಲಿ ನಿಂತ್ಕೋಬೇಕು."

ನನಗೆ ರೆಕ್ಕೆ ಬಂತು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಚೆನ್ನೈ ಎಷ್ಟು ಹೊತ್ತಿನ ದಾರಿ! ನಾನು, ಅತ್ತೆ, ಇಬ್ಬರೇ. ನಮ್ಮೆಜಮಾನರು ಮನೆ ಕಾಯುವ ಕಷ್ಟದ ಕೆಲಸಕ್ಕೆ ತಾವೇ ಮುಂದೆ ಬಂದರು. ಕೆಳಗಿನ ಎರಡು ಬರ್ತು ಸಿಕ್ಕಿದ್ದು ಮಂಗಳವಾರ ಮಧ್ಯಾಹ್ನದ ರೈಲಿನಲ್ಲಿ.

"ಮಂಗಳವಾರ ಮನೆ ಬಿಡ್ತಾರೇನೇ ಯಾರಾದ್ರೂ?"

"ಬೇರೆ ದಿನ ಸೀಟಿಲ್ಲ ಅತ್ತೆ. ನನಗೆ ರಜಾನೂ ಇಲ್ಲ."

ಅತ್ತೆ ಪಂಚಾಂಗ ತಿರುವಿಹಾಕಿ ದಾರಿ ಹುಡುಕಿದರು. ಹೊರಡುವ ದಿನ ಸರಿಯಿಲ್ಲದಿದ್ದರೆ ಅದಕ್ಕೂ ಮುಂಚೆ ಒಂದು ಒಳ್ಳೆ ಗಳಿಗೆಯಲ್ಲಿ ನಮ್ಮ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊರಟರೆ ನಾವು ಹೊರಟಂತೆಯೇ ಲೆಕ್ಕ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹಾಗೆ ಇಟ್ಟ ಚೀಲ ಮತ್ತೆ ಮನೆಯ ಹೊಸಿಲು ದಾಟಬಾರದು. ಬೇರೆಯವರಾದರೆ ಒಂದು ಹಳೇ ಟವೆಲ್ಲು ಇಟ್ಟು ಕೈತೊಳೆದುಕೊಳ್ಳುತ್ತಾರೆ. ನಮ್ಮತ್ತೆ ಹಾಗಲ್ಲ. ದೇವರಿಗೇ ಮೋಸ ಮಾಡೋದಾ ಎಂದು ಎರಡು ಸೀರೆ, ಮಂಡಿಯ ಎಣ್ಣೆ, ಮಾತ್ರೆ, ಕನ್ನಡಕ, ಆಧಾರ್ ಕಾರ್ಡು ಎಲ್ಲಾ ತುಂಬಿ, ಭಾನುವಾರ ಬೆಳಿಗ್ಗೆ ಪಕ್ಕದ ಮನೆಗೆ ಕೊಟ್ಟುಬಂದರು. ಪಕ್ಕದ ಮನೆಯವರನ್ನು ನಾವೆಲ್ಲ ಆಪಾ ಎನ್ನುತ್ತೇವೆ. ಬಟ್ಟೆ ಹೊಲಿಯುವ ಕಸುಬು, ಬಂಗಾರದಂಥ ಮನಸ್ಸು. ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೀರುವಿನಲ್ಲಿಟ್ಟರಂತೆ.

ಮಂಗಳವಾರ ಬೆಳಿಗ್ಗೆ ಎದ್ದು ನೋಡಿದರೆ ಆಪಾ ಮನೆಗೆ ಇಷ್ಟು ದಪ್ಪ ಬೀಗ!

ಗಾಬರಿಯಿಂದ ಫೋನು ಮಾಡಿದೆ. ಗೌನಿಪಲ್ಲಿಯಲ್ಲಿದ್ದಾರೆ. ತಂಗಿಯ ಮಾವಿನ ತೋಟದಲ್ಲಿ ಕಾಯಿ ಕೀಳುತ್ತಿದ್ದಾರೆಂದು ಸೋಮವಾರ ಸಂಜೆ ಹೊರಟುಬಿಟ್ಟಿದ್ದಾರೆ.

"ಚೀಲ ಒಳಗೇ ಇದೆಯಾ ಆಪಾ? ಬೀಗದ ಕೈ ಎಲ್ಲಿಟ್ಟಿದೀರ?"

"ಒಳಗ್ಯಾಕೆ ಇರುತ್ತಮ್ಮಾ? ಅಮಾನತ್ತು ಅಲ್ವಾ ಅದು? ನಂಬಿ ಕೊಟ್ಟಿದ್ದನ್ನ ಬೀಗ ಹಾಕಿ ಬಿಟ್ಟೋಗಕ್ಕಾಗತ್ತಾ? ನನ್ ಜೊತೆಗೇ ತಂದಿದೀನಿ. ನೀವು ಹೊರಡೋದು ನಾಳೆ ಅಲ್ವಾ?"

ನಾನು ಹಣೆ ಚಚ್ಚಿಕೊಂಡೆ. ಚೆನ್ನೈಗೆ ಹೊರಡಬೇಕಾದ ಚೀಲ ಆಂಧ್ರದ ಗಡಿಯಲ್ಲಿ ಮಾವಿನ ಮರದ ಕೆಳಗೆ ಕೂತಿದೆ. ಸೀರೆ ಅಲ್ಲೇ ಕೊಳ್ಳೋಣ, ಮಾತ್ರೆ ಇಲ್ಲೇ ಸಿಗುತ್ತೆ, ಹೊರಡಿ ಎಂದು ಅತ್ತೆಗೆ ಹೇಳಿದೆ. ಅವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಏಮೇ!" ಎಂದು ಶುರುಮಾಡಿ ಕನ್ನಡಕ್ಕೆ ಬಂದರು. "ನಾನು ಭಾನುವಾರವೇ ಹೊರಟಾಯ್ತು. ಈಗ ಗೌನಿಪಲ್ಲೀಲಿದೀನಿ. ನನ್ನ ಅಲ್ಲಿ ಬಿಟ್ಟು ನೀನು ಯಾರನ್ನ ಕರ್ಕೊಂಡೋಗ್ತೀಯ?"

ನಾನು ಮತ್ತೆ ಆಪಾಗೆ ಫೋನು ಹಚ್ಚಿದೆ. ನಮ್ಮೆಜಮಾನರು ಪೇಪರಿನ ಹಿಂದೆ ನಗುತ್ತಿದ್ದರು.

ಆಪಾನೇ ಉಪಾಯ ಹೇಳಿದರು. ನಮ್ಮ ಕಡೆ ಯಾವ ಸಾಮಾನಾದರೂ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಊರು ಸೇರುತ್ತದೆ. ಆಪಾ ಚೀಲವನ್ನು ಬಸ್ಸಿಗೆ ಹಾಕಿದರು. ನಾವು ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಕಾದೆವು. ಆದರೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಕಾಲ, ರಸ್ತೆ ತುಂಬಾ ಲಾರಿ. ಬಸ್ಸು ಬಂದಾಗ ನನ್ನ ಪ್ಲಾನಿನ ಪ್ರಕಾರ ನಾವು ಬಂಗಾರಪೇಟೆ ಪ್ಲಾಟ್‌ಫಾರಂ ಮೇಲೆ ಚಿತ್ರಾನ್ನ ತಿನ್ನುತ್ತಿರಬೇಕಿತ್ತು. "ಅಮ್ಮಾ, ಈ ಬ್ಯಾಗು ಮೀದೇನಾ?" ಎಂದು ಡ್ರೈವರ್ ಕಿಟಕಿಯಿಂದಲೇ ಚೀಲ ಇಳಿಸಿದ. ಜೊತೆಗೆ ಇನ್ನೊಂದು ಚೀಲ, ತುಂಬಾ ರಸಪುರಿ ಹಣ್ಣು. ದಾರಿಗೆ ಇರಲಿ ಎಂದು ಆಪಾ ಕಳಿಸಿದ್ದು.

ಆಟೋದವನ ಪ್ರಾಣ ಹಿಂಡಿ ಬಂಗಾರಪೇಟೆ ಮುಟ್ಟಿದೆವು. ಮೆಟ್ಟಿಲು ಹತ್ತಿ ಇಳಿಯುವಾಗ ಅತ್ತೆ ಒಂದೊಂದು ಮೆಟ್ಟಿಲಿಗೂ ನನ್ನ ಭುಜ ಹಿಂಡಿದರು. ಕೆಳಗೆ ಬಂದಾಗ ನಮ್ಮ ರೈಲಿನ ಕೊನೆಯ ಡಬ್ಬಿ ಪ್ಲಾಟ್‌ಫಾರಂ ದಾಟುತ್ತಿತ್ತು.

ನಾನು ಬೆಂಚಿನ ಮೇಲೆ ಕುಸಿದು ಅತ್ತೇಬಿಟ್ಟೆ. ಐವತ್ತರ ಹೆಂಗಸು, ಸುತ್ತ ಜನ ಎಂಬ ನಾಚಿಕೆಯೂ ಆಗಲಿಲ್ಲ. "ಎಲ್ಲಾ ನಿಮ್ಮ ಪ್ರಸ್ಥಾನದಿಂದ! ಬರ್ತೂ ಹೋಯ್ತು, ಪ್ಲಾನೂ ಹೋಯ್ತು. ನಡೀರಿ ಮನೆಗೆ."

"ಮನೆಗಾ?" ಅತ್ತೆ ಕಣ್ಣು ಬಿಟ್ಟರು. "ಪ್ರಸ್ಥಾನ ಇಟ್ಟೋರು ವಾಪಸ್ ಹೋಗ್ತಾರೇನೇ? ಮುಂದಿನ ರೈಲು ಯಾವ್ದು ಕೇಳ್ಕೊಂಡ್ಬಾ, ಹೋಗು."

ಮುಂದಿನ ರೈಲಿಗೆ ಜನರಲ್ ಡಬ್ಬಿಯೇ ಗತಿ. ನಾನು ಬಾಗಿಲಲ್ಲಿ ಹಿಂದೆ ಮುಂದೆ ನೋಡುತ್ತಿರುವಾಗಲೇ ಅತ್ತೆ ಕಂಬಿ ಹಿಡಿದು ಹತ್ತಿದರು. ಒಳಗೆ ಕಾಲಿಡಲು ಜಾಗವಿಲ್ಲ. ಅವರು ಯಾರಿಗೂ ಸೀಟು ಕೇಳಲಿಲ್ಲ. ಮಾವಿನ ಚೀಲ ಬಿಚ್ಚಿ, ಎದುರಿಗಿದ್ದ ಸಂಸಾರದ ಪ್ರತಿಯೊಬ್ಬರ ಕೈಗೂ ಒಂದೊಂದು ಹಣ್ಣು ಇಟ್ಟರು. ಕುಪ್ಪಂ ಬರುವಷ್ಟರಲ್ಲಿ ಅತ್ತೆಗೆ ಕಿಟಕಿ ಪಕ್ಕ, ನನಗೆ ಅರ್ಧ ಕುಂಡೆ ಊರುವಷ್ಟು ಜಾಗ ಸಿಕ್ಕಿತು.

ಮಾರನೇ ದಿನ ಸಂಜೆ ಸಮುದ್ರ. ಮರಳಿನಲ್ಲಿ ನಡೆಯುವುದೇ ಅವರಿಗೆ ದೊಡ್ಡ ಕಷ್ಟವಾಯಿತು. ನಾಲ್ಕು ಹೆಜ್ಜೆಗೊಮ್ಮೆ ನಿಂತರು. ಕೊನೆಗೆ ನೀರು ಬಂದು ಪಾದ ಮುಟ್ಟಿದಾಗ "ಅಯ್ಯಯ್ಯೋ, ಕಾಲಡಿ ಮಣ್ಣೇ ಜಾರ್ತಾ ಇದೆಯಲ್ಲೇ!" ಎಂದು ಕೂಗಿ, ಜೋರಾಗಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ನನಗೆ ಖುಷಿಯಾಗಿ, ಸ್ವಲ್ಪ ಸಲಿಗೆಯೂ ಬಂತು.

"ಇಷ್ಟೊಂದು ಆಸೆ ಇಟ್ಕೊಂಡು ಇಷ್ಟು ವರ್ಷ ನನ್ನ ಯಾಕೆ ಅಡ್ಡ ಹಾಕಿದ್ರಿ ಅತ್ತೆ?"

ಅವರು ಅಲೆಗಳನ್ನೇ ನೋಡುತ್ತಿದ್ದರು. "ನೀವೂ ಬರ್ತೀರಾ ಅಂತ ಒಂದ್ಸಲನಾದ್ರೂ ಕೇಳಿದ್ಯೇನೇ? ನೀವಿಬ್ರೂ ಬ್ಯಾಗ್ ಹಿಡ್ಕೊಂಡು ನಿಂತಾಗ ಏನಾದ್ರೂ ಅನ್ಬೇಕು ಅನ್ನಿಸ್ತಿತ್ತು, ಅಂತಿದ್ದೆ."

ಕೋಪದಿಂದ ಹೇಳಲಿಲ್ಲ. ಅದೇ ಕಷ್ಟವಾಯಿತು. ಇಡ್ಲಿ ಮುಗಿದರೆ ಏನು ಗತಿ ಎಂದು ಯೋಚಿಸಿದವಳು ನಾನು, ಇವರನ್ನು ಕೇಳಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮುಖಕ್ಕೆ ಹೊಡೆದಂತಾಯಿತು.

"ಇನ್ನೊಂಚೂರು ಮುಂದೆ ಹೋಗೋಣ ಬನ್ನಿ ಅತ್ತೆ" ಎಂದೆ.

"ಸೀರೆ ನೆನೆಯುತ್ತೆ ಕಣೇ."

"ನೆನೀಲಿ ಬನ್ನಿ."

ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವರು ಇನ್ನೂ ಎರಡು ಹೆಜ್ಜೆ ಇಟ್ಟರು.