ಏಕತಾರಿ ಕೇಳದ ದಿನಗಳು

ಮೊದಲು ನನ್ನ ಕಿವಿಯೊಳಗೆ ಸೇರಿಕೊಂಡದ್ದು ಸಣ್ಣದೊಂದು ಗುಂಯ್‌ ಅನ್ನುವ ಸದ್ದು. ದೂರದ ಹೊಲದಲ್ಲಿ ಯಾರೋ ಕಬ್ಬಿನ ಗಾಣ ತಿರುಗಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಗಾಣದ ಕಾಲ ಮುಗಿಯಿತು, ಮಳೆ ಬಂತು, ಬಿತ್ತನೆಯೂ ಆಯಿತು. ಸದ್ದು ಮಾತ್ರ ಹೋಗಲಿಲ್ಲ. ಆಗ ಅದು ನನ್ನ ಕಿವಿಯದೇ ಎಂದು ತಿಳಿಯಿತು.

ಆಗಿನ್ನೂ ನಿಜಾಮರ ರಾಜ್ಯ. ನಮ್ಮದು ಝರಾಸಂಗಂ ಹತ್ತಿರದ ಸಣ್ಣ ಹಳ್ಳಿ. ಜೋಳ, ತೊಗರಿ ಬೆಳೆಯುವಷ್ಟು ಹೊಲವಿತ್ತು. ಆದರೆ ಸುತ್ತಲಿನ ಊರವರಿಗೆ ನಾನು ಗೊತ್ತಿದ್ದದ್ದು ತತ್ವಪದ ಹಾಡುವವನೆಂದು. ಹೊಸ ಮನೆ ಹೊಕ್ಕರೆ ಕರೆಯುತ್ತಿದ್ದರು, ಕೂಸನ್ನು ತೊಟ್ಟಿಲಿಗೆ ಹಾಕಿದರೆ ಕರೆಯುತ್ತಿದ್ದರು, ಮನೆಯಲ್ಲಿ ಹಿರಿಯರು ತೀರಿಕೊಂಡರೂ ಕರೆಯುತ್ತಿದ್ದರು. ನಮ್ಮ ಮೇಳವೆಂದರೆ ಇಬ್ಬರೇ. ನಾನು ಹಾಡುವವನು, ನನ್ನ ಗೆಳೆಯ ಏಕತಾರಿ ಮೀಟುವವನು. ಅವನದು ಕುರಿ ಸಾಕುವ ಮನೆತನ. ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ದೋಸ್ತ ಎಂದೇ ಕರೆದುಕೊಂಡವರು. ಅವನ ಕೈಯಲ್ಲಿ ಒಂದು ಸೋರೆಬುರುಡೆ, ಒಂದು ಬಿದಿರು, ಒಂದು ತಂತಿ. ಆ ತಂತಿಯ ಸ್ವರ ಹಿಡಿದುಕೊಂಡು ನಾನು ಕಣ್ಣು ಮುಚ್ಚಿ ಹಾಡುತ್ತಿದ್ದೆ. ಅದೊಂದು ಇದ್ದರೆ ಸಾಕಿತ್ತು, ಬೇರೇನೂ ಬೇಕಾಗಿರಲಿಲ್ಲ.

ಆ ತಂತಿ ಮೆಲ್ಲಗೆ ದೂರವಾಗತೊಡಗಿತು.

"ದೋಸ್ತ, ತಂತಿ ಸಡ್ಲ ಆಗ್ಯಾದ ನೋಡು," ಎಂದೆ ಒಂದು ದಿನ.

ಅವನು ಬಿಗಿದ. ಮತ್ತೆ ಹೇಳಿದೆ, ಮತ್ತೆ ಬಿಗಿದ. ಕೊನೆಗೆ ಜಹೀರಾಬಾದಿನ ಸಂತೆಯಿಂದ ಹೊಸ ತಂತಿ ತಂದು ಹಾಕಿದ. ಕಿವಿ ಹತ್ತಿರ ಹಿಡಿದು ಮೀಟಿ, "ಈಗ ನೋಡು, ಗಂಟಿ ಹೊಡ್ದಂಗ ಅದ," ಅಂದ. ನನಗೆ ಅವನ ಬೆರಳು ಅಲ್ಲಾಡುವುದಷ್ಟೇ ಕಂಡಿತು. ಸ್ವರ ಎಲ್ಲೋ ಗೋಡೆಯಾಚೆ ಇದ್ದ ಹಾಗೆ. ಹೂಂ ಅಂದುಬಿಟ್ಟೆ. ಹಾಡುವವನಿಗೆ ಕಿವುಡು ಬಂದಿದೆ ಎಂದು ಯಾರ ಮುಂದೆ ಹೇಳಲಿ? ಹೇಳಿದ ಮರುದಿನದಿಂದ ನನ್ನ ಬಾಗಿಲಿಗೆ ಯಾರು ಬರುತ್ತಾರೆ?

ಮನೆಯಲ್ಲಿ ಹೆಂಡತಿ ಎರಡೆರಡು ಸಲ ಕರೆಯಬೇಕಾಗುತ್ತಿತ್ತು. ನಾನು ಯಾವುದೋ ಧ್ಯಾನದಲ್ಲಿದ್ದೇನೆ ಎಂದುಕೊಳ್ಳುತ್ತಿದ್ದಳು. ಜಹೀರಾಬಾದಿನ ಹಕೀಮರ ಹತ್ತಿರ ಗುಟ್ಟಾಗಿ ಹೋಗಿ ಬಂದೆ. ಅವರು ಕೊಟ್ಟ ಬಿಸಿ ಎಣ್ಣೆ ಬಿಟ್ಟುಕೊಂಡು ಮಗ್ಗುಲಾಗಿ ಮಲಗಿದರೆ ಎಣ್ಣೆ ಕೆಳಗಿಳಿಯುತ್ತಿತ್ತು, ಗಾಣ ಒಳಗೇ ತಿರುಗುತ್ತಿತ್ತು.

ಅಷ್ಟರಲ್ಲಿ ತಾಂಡೂರಿನಲ್ಲಿ ಹೆಂಡತಿಯ ತಮ್ಮನ ಮದುವೆ ಗೊತ್ತಾಯಿತು. ಜಹೀರಾಬಾದಿನಲ್ಲಿ ರೈಲು ಹತ್ತಿ, ವಿಕಾರಾಬಾದಿನಲ್ಲಿ ಬದಲಿಸಿ ಹೋಗಬೇಕು. ಡಬ್ಬಿಯ ತುಂಬ ಜನ, ಗಂಟುಮೂಟೆ, ಅಳುವ ಮಕ್ಕಳು, ಕೆಳಗೆ ಗಾಲಿಗಳ ಗಡಗಡ. ಎದುರಿಗೆ ಕುಳಿತ ಹೆಂಡತಿ ಬುತ್ತಿ ಬಿಚ್ಚಿ ಶೇಂಗಾ ಚಟ್ನಿಪುಡಿ ತೆಗೆಯುತ್ತ, "ರೊಟ್ಟಿ ಮ್ಯಾಲ ಹಿಂಡಿ ಹಾಕ್ಲೇನ್ರಿ?" ಎಂದಳು.

ನಾನು ಬೆಚ್ಚಿಬಿದ್ದೆ. ಒಂದೊಂದು ಅಕ್ಷರವೂ ಕೇಳಿಸಿತ್ತು.

"ಇನ್ನೊಮ್ಮಿ ಅನ್ನು," ಎಂದೆ.

"ಹಿಂಡಿ ಹಾಕ್ಲೇನ್ರಿ ಅಂದ್ನಿ. ಯಾಕ, ಏನಾತು?"

ನನ್ನ ಕಣ್ಣಲ್ಲಿ ನೀರು ಬಂತು. ಹಕೀಮರ ಎಣ್ಣೆ ಫಲ ಕೊಟ್ಟಿತು ಅಂದುಕೊಂಡೆ. ಆದರೆ ತಾಂಡೂರಿನಲ್ಲಿ ಇಳಿದು, ಹಾಸುಗಲ್ಲಿನ ಓಣಿಯಲ್ಲಿ ನಡೆಯುವ ಹೊತ್ತಿಗೆ ಅವಳ ಮಾತು ಮತ್ತೆ ಮುಸುಕು ಹಾಕಿಕೊಂಡಿತ್ತು.

ಮರುದಿನ ಮದುವೆಯ ಅಂಗಳಕ್ಕೆ ಜಹೀರಾಬಾದಿನಿಂದ ಬ್ಯಾಂಡ್ ಬಾಜಾದವರು ಬಂದಿದ್ದರು. ಕ್ಲಾರಿನೆಟ್, ಹಿತ್ತಾಳೆಯ ತುತ್ತೂರಿಗಳು, ತಾಶಾ ಎಂಬ ಸಣ್ಣ ನಗಾರಿ, ದೊಡ್ಡ ಢೋಲು. ಜೊತೆಗೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನೂ ಇದ್ದ. ಅವರ ಮಾಸ್ತರರು ವಯಸ್ಸಾದ ಮುಸಲ್ಮಾನರು. ಕ್ಲಾರಿನೆಟ್ ಅವರದೇ. ಬೀಗರು ಒತ್ತಾಯ ಮಾಡಿದ್ದಕ್ಕೆ ಅವರೆಲ್ಲರ ನಡುವೆ ನಿಂತು ಹಾಡಿದೆ. ಢೋಲಿನ ಪೆಟ್ಟು ಎದೆಗೆ ಬಡಿಯುತ್ತಿತ್ತು. ಆ ಗದ್ದಲದೊಳಗೆ ಪೇಟಿಯ ಸ್ವರ ನೇರವಾಗಿ ನನ್ನ ಬಳಿಗೆ ಬಂತು. ಹಿಂದೆ ನಿಂತವರು ಕೂಗಿ ಮಾತಾಡುವುದು ಕೂಡ ಕೇಳಿಸಿತು. ನನ್ನ ದನಿ ತಲೆಬುರುಡೆಯೊಳಗೆ ತುಂಬಿ ನಿಂತಿತ್ತು. ಬಹಳ ತಿಂಗಳುಗಳ ಮೇಲೆ ಅಂಜಿಕೆಯಿಲ್ಲದೆ ಹಾಡಿದ್ದೆ. ಜನ ಇನ್ನೊಂದು, ಇನ್ನೊಂದು ಅಂದರು.

ಮೂಕವಾಗಿದ್ದ ಲೋಕ ಗದ್ದಲದಲ್ಲಿ ಮಾತಾಡುತ್ತದೆ ಎಂಬುದು ನನಗೆ ಹೊಳೆದದ್ದು ಅಲ್ಲಿ. ಯಾಕೆ ಹಾಗೆ ಎಂದು ಆಗ ತಿಳಿಯಲಿಲ್ಲ. ತಿಳಿದುಕೊಳ್ಳುವ ತಾಳ್ಮೆಯೂ ಇರಲಿಲ್ಲ. ಊರಿಗೆ ಮರಳಿದ ಮೇಲೆ ಮಾಸ್ತರರನ್ನು ಹುಡುಕಿಕೊಂಡು ಜಹೀರಾಬಾದಿಗೆ ಹೋದೆ. ಅವರ ಬ್ಯಾಂಡಿನ ಜೊತೆ ಹಾಡುವವನಾದೆ.

ಗೆಳೆಯನೂ ಮೊದಮೊದಲು ಏಕತಾರಿ ಹಿಡಿದು ಬಂದ. ತಾಶಾ ಢೋಲುಗಳ ಮಗ್ಗುಲಲ್ಲಿ ಕುಳಿತು ಮೀಟುತ್ತಿದ್ದ. ಅದು ಅವನಿಗೇ ಕೇಳುತ್ತಿರಲಿಲ್ಲವಂತೆ. ಒಂದು ಮದುವೆ ಮುಗಿಸಿ ಬರುವಾಗ ಬಂಡಿಯಲ್ಲಿ, ಗಾಲಿಯ ಸದ್ದಿನ ನಡುವೆ, ಅವನ ಮಾತು ನನಗೆ ಚೆನ್ನಾಗಿಯೇ ಕೇಳಿಸಿತು.

"ಇಷ್ಟು ಮಂದ್ಯಾಗ ನಂದೇನು ಕೆಲ್ಸ, ದೋಸ್ತ? ನಾ ಕುರಿ ಹಿಂದ ಹೋಗ್ತೀನಿ."

"ಇರು, ನಿನ್ನ ಬಿಟ್ಟು ಹೆಂಗ ಹಾಡ್ಲಿ?"

"ಹಾಡ್ಲಕತ್ತಿಯಲ್ಲ," ಅಂದ. ಸಿಟ್ಟಿರಲಿಲ್ಲ. ಏಕತಾರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಊರ ಹೊರಗೇ ಇಳಿದುಹೋದ. ಸ್ವಲ್ಪ ದಿನದ ಮೇಲೆ ಕುರಿಗಳನ್ನು ಹೊಡೆದುಕೊಂಡು ತಾಯಿಯ ಸಮೇತ ಕಲ್ಹೇರ್ ಕಡೆ, ಅಕ್ಕನ ಊರಿಗೆ ಹೋದನೆಂದು ಸುದ್ದಿ ಬಂತು.

ಬ್ಯಾಂಡಿನಲ್ಲಿ ನನ್ನ ಹೆಸರು ಬೆಳೆಯಿತು. ಕಿವಿ ಮಾತ್ರ ಇನ್ನೂ ಇಳಿಯುತ್ತಿತ್ತು. ಮೊದಲು ಸಾಕಾಗಿದ್ದ ಗದ್ದಲ ಈಗ ಸಾಲುತ್ತಿರಲಿಲ್ಲ. ಇನ್ನೊಂದು ಢೋಲು ತರಿಸಿರೆಂದೆ. ತುತ್ತೂರಿಯವರನ್ನು ನನ್ನ ಬೆನ್ನ ಹಿಂದೆಯೇ ನಿಲ್ಲಿಸಿರೆಂದೆ. ಮಾಸ್ತರರು ಒಂದು ದಿನ ಕ್ಲಾರಿನೆಟ್ ಒರೆಸುತ್ತ, ಕಿವಿಯ ಹತ್ತಿರ ಬಾಯಿಟ್ಟು ಕನ್ನಡದಲ್ಲೇ ಹೇಳಿದರು:

"ಗವಾಯಿ ಸಾಬ್, ನಿಮ್ಮ ಪದದಾಗಿನ ಮಾತು ಮಂದಿಗಿ ತಿಳೀವಲ್ದು. ಇದು ಮದುವಿ ಬರಾತಿನ ಬಾಜಾ. ನಿಮ್ಮ ಪದ ಇದರಾಗ ಮುಳಗ್ಲತ್ತದ."

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಮುಳುಗುತ್ತಿದ್ದವನು ನಾನು, ಹಿಡಿದುಕೊಳ್ಳಲು ನನಗೆ ಸಿಕ್ಕಿದ್ದು ಆ ಢೋಲು. ಅದನ್ನು ಅವರಿಗೆ ಹೇಳಲಾಗಲಿಲ್ಲ.

ಹೀಗಿರುವಾಗ ಗೆಳೆಯನ ತಾಯಿ ತೀರಿಕೊಂಡಳು. ನಾನು ಚಿಕ್ಕವನಿದ್ದಾಗ ಕುರಿಹಾಲಿನಲ್ಲಿ ರೊಟ್ಟಿ ಮುರಿದು ತಿನ್ನಿಸಿದವಳು ಆಕೆ. ನಸುಕಿನಲ್ಲಿ ಹೇಳಿಕಳಿಸಿದ್ದರು. ಬಂದವನು ನನ್ನ ಹೆಂಡತಿಗೆ ಹೇಳಿದ, ಅವಳು ನನ್ನ ಭುಜ ಹಿಡಿದು ಕಿವಿಯಲ್ಲಿ ಕೂಗಿದಳು: "ಬಾಜಾ ಬ್ಯಾಡಂತ. ಮಗನ ಏಕತಾರಿ, ನಿಮ್ಮ ಹಾಡು ಇಷ್ಟೇ ಸಾಕು ಅಂತ ಸಾಯೂ ಮುಂಚಿ ಹೇಳ್ಯಾಳಂತ."

ನಾರಾಯಣಖೇಡದ ಮೇಲೆ ಕಲ್ಹೇರಿಗೆ ಬಂಡಿ ಕಟ್ಟಿದೆ. ಬಂಡಿಯೊಳಗೆ ಬಾಯಿಬಿಟ್ಟು ಹಾಡಿ ನೋಡಿದೆ. ದನಿ ತಲೆಯೊಳಗೆ ಗಟ್ಟಿಯಾಗಿ ಕೇಳುತ್ತಿತ್ತು, ಸರಿಯಾಗಿಯೇ ಇದೆ ಅನ್ನಿಸಿತು. ದೇವರು ಇದೊಂದು ಸಲ ದಾಟಿಸಲಿ ಎಂದು ಬೇಡಿಕೊಂಡೆ. ತಪ್ಪಿಸಿಕೊಳ್ಳುವ ಯೋಚನೆಯೂ ಬಂತು. ಜ್ವರ ಎಂದು ಹೇಳಿಕಳಿಸಬಹುದಿತ್ತು. ಆದರೆ ಆ ತಾಯಿಯ ಮಾತು ಮೀರಿ ಎಲ್ಲಿಗೆ ಹೋಗಲಿ?

ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿ ವಿಭೂತಿ ಹಚ್ಚಿದ್ದರು. ನಾನು ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೆಳೆಯ ನನ್ನನ್ನು ನೋಡಿದ. ಪಕ್ಕದಲ್ಲಿ ಜಾಗ ಮಾಡಿ ತಂತಿ ಮೀಟತೊಡಗಿದ. ನಾನು ಅವನ ಬೆರಳು ನೋಡಿದೆ. ಏನೂ ಇಲ್ಲ. ಗೋಡೆಯಾಚೆಯ ಸದ್ದೂ ಇಲ್ಲ. ಒಳಗಿನ ಗಾಣ ಒಂದೇ ತಿರುಗುತ್ತಿತ್ತು. ನೆನಪಿನ ಮೇಲೆ ಸ್ವರ ಎತ್ತಿಕೊಂಡೆ. ಕಣ್ಣು ಮುಚ್ಚಿ ಒಂದು ನುಡಿ ಹಾಡಿದೆ, ಇನ್ನೊಂದು ಹಾಡಿದೆ. ಹಾಡುತ್ತ ಹೋದಂತೆ ಧೈರ್ಯ ಬಂತು. ಆ ತಾಯಿಯ ಮುಖ ಕಣ್ಣೊಳಗೆ ಬಂದು ದನಿ ತಾನಾಗಿ ಮೇಲೇರಿತು.

ಯಾರೋ ನನ್ನ ಮೊಣಕಾಲು ಮುಟ್ಟಿದರು. ಕಣ್ಣು ಬಿಟ್ಟೆ. ಒಬ್ಬ ಮುದುಕಿ, ಸಾಕು ಎಂದು ಕೈಸನ್ನೆ ಮಾಡುತ್ತಿದ್ದಳು. ಹೆಂಗಸರು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕೆಲವರು ನಗು ತಡೆಯಲು ಸೆರಗು ಬಾಯಿಗೆ ಹಿಡಿದಿದ್ದರು. ಪಕ್ಕಕ್ಕೆ ತಿರುಗಿದೆ. ಏಕತಾರಿ ನೆಲದ ಮೇಲಿತ್ತು. ನನ್ನ ಹಾಡು ಸ್ವರ ಬಿಟ್ಟು ಎಲ್ಲೋ ಹೋಗಿ, ಗೆಳೆಯ ಯಾವಾಗಲೋ ಮೀಟುವುದನ್ನು ನಿಲ್ಲಿಸಿದ್ದ. ಎಷ್ಟು ಹೊತ್ತಾಗಿತ್ತೋ, ನನಗೆ ಗೊತ್ತೇ ಆಗಿರಲಿಲ್ಲ.

ಎದ್ದು ಹೊರಗೆ ನಡೆದೆ. ಊರ ಹಿಂದಿನ ಒಣ ಹೊಲಕ್ಕೆ ಬಂದು ಬದುವಿನ ಮೇಲೆ ಕುಸಿದೆ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು. ಗೆಳೆಯ ತಾಯಿಯ ಹೆಣ ಅಲ್ಲಿ ಬಿಟ್ಟು ನನ್ನ ಹಿಂದೆಯೇ ಓಡಿ ಬಂದಿದ್ದ. ತಲೆ ಹಿಡಿದು ತಿರುಗಿಸಿ ಕಿವಿಯಲ್ಲಿ ಒದರಿದ:

"ಕಿವಿ ಕೇಳಲ್ಲೇನು ನಿಂಗ?"

ಹೌದೆಂದು ತಲೆಯಾಡಿಸಿದೆ.

"ಯಾವಾಗಿಂದ?"

"ನೀ ಹೊಸ ತಂತಿ ಹಾಕಿದ್ಯಲ್ಲ, ಅದಕ್ಕೂ ಮೊದ್ಲಿಂದ."

ಅವನು ನನ್ನ ಪಕ್ಕದಲ್ಲಿ ಕುಳಿತು ಅತ್ತ. ತಾಯಿಗಾಗಿ ಅಳುತ್ತಿದ್ದನೋ, ನನಗಾಗಿಯೋ. ಆಮೇಲೆ ಕೈಹಿಡಿದು ಎಬ್ಬಿಸಿ ಕರೆದೊಯ್ದ. ಆ ತಾಯಿಯನ್ನು ಹಾಡಿಲ್ಲದೆ ಮಣ್ಣು ಮಾಡಿದೆವು.

ಅಲ್ಲಿಂದ ಬಂದ ಮೇಲೆ ಬ್ಯಾಂಡೂ ಬೇಡವಾಯಿತು. ಮನೆಯ ಮೂಲೆ ಹಿಡಿದೆ. ಉಣ್ಣು ಅಂದರೆ ಉಂಡೆ, ಇಲ್ಲದಿದ್ದರೆ ಇಲ್ಲ. ಬಾವಿಯ ಕಡೆ ಹೋದರೆ ಹೆಂಡತಿ ಕೊಡ ತೆಗೆದುಕೊಂಡು ಹಿಂದೆಯೇ ಬರುತ್ತಿದ್ದಳು. ಮನೆಯಲ್ಲಿ ಕೊಡಗಳು ತುಂಬಿದ್ದರೂ ಬರುತ್ತಿದ್ದಳು. ಅವಳ ಮನಸ್ಸಿನಲ್ಲಿದ್ದ ಭಯ ಸುಳ್ಳೆಂದು ನಾನು ಹೇಳಲಾರೆ.

ಒಂದು ದಿನ ಅವಳೇ ಗಂಟು ಕಟ್ಟಿದಳು. ಪಟ್ಟಣದ ದೊಡ್ಡ ದವಾಖಾನೆಗೆ, ಅಂದರೆ ಹೈದರಾಬಾದಿಗೆ, ಕರೆದುಕೊಂಡು ಹೋದಳು. ರೈಲಿನ ಗಡಗಡದಲ್ಲಿ ಅವಳ ಮಾತು ಇನ್ನೂ ಅಷ್ಟಿಷ್ಟು ಕೇಳುತ್ತಿತ್ತು. ಅವಳು ದಾರಿಯುದ್ದಕ್ಕೂ ಮಾತಾಡಿದಳು. ಎಮ್ಮೆಯ ವಿಷಯ, ತವರಿನ ವಿಷಯ, ಮದುವೆಯಾದ ಹೊಸದರಲ್ಲಿ ನನ್ನ ಹಾಡು ಕೇಳಲು ಕದದ ಹಿಂದೆ ನಿಲ್ಲುತ್ತಿದ್ದ ವಿಷಯ. ಇಳಿದ ಮೇಲೆ ಮಾತು ಮುಗಿಯುತ್ತದೆ ಎಂದು ಅವಳಿಗೂ ಗೊತ್ತಿತ್ತು.

ಡಾಕ್ಟರರು ಎರಡು ಕವಲಿನ ಉಕ್ಕಿನ ಸಲಾಕೆಯೊಂದನ್ನು ಮೇಜಿಗೆ ಬಡಿದು ಕಿವಿಯ ಮುಂದೆ ಹಿಡಿದರು. ಕೇಳಲಿಲ್ಲ. ಮತ್ತೆ ಬಡಿದು ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಸ್ವರ! ತೆಳ್ಳಗೆ, ಉದ್ದಕ್ಕೆ, ಒಂದಿಷ್ಟೂ ಅಲುಗದ ಸ್ವರ ತಲೆಯೊಳಗೆ ಹರಿಯಿತು.

ಡಾಕ್ಟರರು ಉರ್ದುವಿನಲ್ಲಿ ಹೇಳಿದ್ದನ್ನು ಹೆಂಡತಿ ಹೊರಗೆ ಟಾಂಗಾಗಳ ಗದ್ದಲದಲ್ಲಿ ನಿಂತು ನನಗೆ ತಿಳಿಸಿದಳು. "ಗಾಳ್ಯಾಗ ಬರೂದು ಒಳಗ ಹೋಗವಲ್ದಂತ. ಎಲುಬಿನಾಗ ಹಾದು ಹೋಗ್ತದಂತ. ಗದ್ದಲ ನಿಮಗ ಅಡ್ಡ ಬರಲ್ಲಂತ, ಅದರಾಗ ಮಂದಿ ಜೋರ ಮಾತಾಡ್ತಾರಲ್ಲ, ಅದಕ್ಕ ಕೇಳ್ತದಂತ. ಔಷಧ ಇಲ್ಲಂತ್ರಿ." ನನ್ನ ತೋಳು ಹಿಡಿದು, "ಮುಂದ ಎಲುಬಿಂದೂ ನಿಲ್ಲಬಹುದಂತ," ಅಂದಳು.

ಅವಳೇ ಕಲ್ಹೇರಿಗೆ ಹೇಳಿಕಳಿಸಿದಳು. ಗೆಳೆಯ ಏಕತಾರಿ ತಂದ. ನಮ್ಮ ಅಂಗಳದಲ್ಲಿ, ಎಳೆ ಬಿಸಿಲಿನಲ್ಲಿ, ನನ್ನ ಬೆನ್ನ ಹಿಂದೆ ಮೊಣಕಾಲೂರಿ ಬುರುಡೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು ಮೀಟಿದ.

ಬಂತು. ಅದೇ ತಂತಿ, ಅವನದೇ ಬೆರಳು. ನಾನು ಹಾಡಲಿಲ್ಲ. ಬಹಳ ಹೊತ್ತು ಬರೀ ಕೇಳಿದೆ. ಆಮೇಲೆ ಮೆಲ್ಲಗೆ ದನಿ ಸೇರಿಸಿದೆ. ಹೆಂಡತಿ ಕಸಬರಿಗೆ ಕೈಯಲ್ಲಿ ಹಿಡಿದೇ ಕುಳಿತುಬಿಟ್ಟಳು.

ಆಮೇಲೆ ಸ್ವಲ್ಪ ಕಾಲ ಹಾಗೆ ಹಾಡಿದೆವು. ಒಬ್ಬನ ತಲೆಗೆ ಇನ್ನೊಬ್ಬ ಬುರುಡೆ ಒತ್ತಿ ಕೂತದ್ದನ್ನು ಕಂಡು ಮಕ್ಕಳು ನಗುತ್ತಿದ್ದವು. ಗೆಳೆಯನ ಕೈ ಸೋಲುತ್ತಿತ್ತು, ಬುರುಡೆ ಕೂದಲೆಳೆಯಷ್ಟು ಜಾರಿದರೂ ನನ್ನ ಸ್ವರ ಜಾರುತ್ತಿತ್ತು. ಮಾಸ್ತರರೂ ಒಂದು ಸಲ ಬಂದು ಕೇಳಿದರು. ನಿಜಾಮರ ರಾಜ್ಯದ ಕೊನೆಗಾಲ ಅದು. ಊರೂರಿಗೆ ಗಲಭೆ, ದಾರಿಯಲ್ಲಿ ಭಯವಿತ್ತು. ಜನ ಬಾಗಿಲು ಹಾಕಿಕೊಂಡು ಮದುವೆ ಮುಗಿಸುತ್ತಿದ್ದರು. ಬ್ಯಾಂಡಿಗೆ ಕೆಲಸವಿರಲಿಲ್ಲ. ಅವರು ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. ಸುತ್ತ ಗದ್ದಲವಿರಲಿಲ್ಲ, ನನಗೆ ಕೇಳಲಿಲ್ಲ. ಮತ್ತೆ ಹೇಳಿಸಿಕೊಳ್ಳುವಷ್ಟರಲ್ಲಿ ಹೊರಟುಹೋದರು.

ಎಲುಬಿನ ಸ್ವರವೂ ಸವೆಯತೊಡಗಿತು. ಗೆಳೆಯ ಜಾಗ ಬದಲಿಸಿದ. ಹಣೆಗೆ, ದವಡೆಗೆ ಹಿಡಿದ. ಕೊನೆಗೆ ನಾನು ಬಿದಿರನ್ನೇ ಹಲ್ಲಿನಲ್ಲಿ ಕಚ್ಚಿ ಹಿಡಿದು ಕೇಳಿದೆ. ಹಲ್ಲು ಕಚ್ಚಿಕೊಂಡು ಹಾಡುವುದು ಹೇಗೆ? ಕೇಳಿದರೆ ಹಾಡಿಲ್ಲ, ಹಾಡಿದರೆ ಕೇಳುವುದಿಲ್ಲ. ಆಮೇಲೊಂದು ಬೆಳಿಗ್ಗೆ ಹಲ್ಲಿನಲ್ಲಿ ಬರೀ ನಡುಕ ಉಳಿಯಿತು, ಸ್ವರವಿಲ್ಲ. ರಾಗವಿಲ್ಲದ ಒಂದು ತುರಿಕೆ.

ಬಿದಿರನ್ನು ಬಾಯಿಂದ ತೆಗೆದು, "ಆತು ದೋಸ್ತ, ಇಲ್ಲಿಗಿ ಸಾಕು," ಎಂದೆ.

ಅವನು ಎದ್ದು ಹೋಗಲಿಲ್ಲ. ಬುರುಡೆಯನ್ನು ತನ್ನ ಭುಜಕ್ಕಿಟ್ಟುಕೊಂಡು ನನ್ನ ಎದುರಿಗೆ ಬಂದು ಕುಳಿತು ಮೀಟುತ್ತ ಬಾಯಿ ತೆರೆದ. ಎಂದೂ ಹಾಡಿದವನಲ್ಲ. ಅವನ ಕತ್ತಿನ ನರಗಳು ಉಬ್ಬಿದವು. ಕೆಟ್ಟ ದನಿ ಇರಬೇಕು, ಹೆಂಡತಿ ಒಳಗಿನಿಂದ ಗಾಬರಿಯಾಗಿ ಬಂದು ನೋಡಿದಳು. ನಾನು ಅವನ ತುಟಿ ನೋಡುತ್ತ ಕುಳಿತೆ. ನಾನು ಹಾಡುತ್ತಿದ್ದ ಪದವೇ ಅದು. ಎರಡನೆಯ ನುಡಿಯಲ್ಲಿ ಒಂದು ಮಾತು ತಪ್ಪಿದ. ನಾನು ಕೈ ಎತ್ತಿ ತಡೆದೆ. ಸರಿಯಾದ ಮಾತನ್ನು ಹೇಳಿಕೊಟ್ಟೆ. ನನ್ನ ದನಿ ಹೊರಗೆ ಹೇಗೆ ಬಂತೋ ತಿಳಿಯದು. ಅವನು ತಲೆಯಾಡಿಸಿ, ಆ ನುಡಿಯನ್ನು ಮೊದಲಿನಿಂದ ಎತ್ತಿಕೊಂಡ.