ಹೋಳಿಗೆ ಗಂಟಿನ ಇದ್ದಿಲು

ಶೋಭಾ, ಅವತ್ತು ಡೇರೆಯೊಳಗೆ ಹೋಳಿಗೆ ಇಟ್ಟವಳು ನಾನು. ನೀನಲ್ಲ. ನಿನ್ನ ಮಗಳ ತೋಳಿನ ಮೇಲೆ ಮಂಗ ಪರಚಿದ ಗುರುತು ಇದೆಯಲ್ಲ, ಅದಕ್ಕೆ ಕಾರಣ ನಾನು — ಎಂಟು ವರ್ಷ ಇದನ್ನು ಬಾಯಿಬಿಡದೆ, ನಿನ್ನ ಕೈಯಿಂದಲೇ ಚಹಾ ಇಸಿದುಕೊಂಡು ಕುಡಿದಿದ್ದೇನೆ.

ಮನೆಮಂದಿಯೆಲ್ಲ ದಾಂಡೇಲಿ ಕಡೆಯ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೆವು. ರಾಯಚೂರಿನ ಬಿಸಿಲಲ್ಲಿ ಬೆಂದವರಿಗೆ ಎರಡು ದಿನ ಕಾಡಿನಲ್ಲಿ ಡೇರೆ ಹಾಕಿ ಮಲಗುವ ಹುಚ್ಚು. "ಇದ್ದ ಮನಿ ಬಿಟ್ಟು ಅರಿವಿ ಮನ್ಯಾಗ ಮಲಗಾಕ ಇಷ್ಟು ದೂರ ಬರಬೇಕಿತ್ತೇನು?" ಎಂದು ಅತ್ತೆ ದಾರಿಯುದ್ದಕ್ಕೂ ಕಾಡಿಸಿದರು. ಗಂಡಸರಿಗೆ ಒಂದು ಡೇರೆ. ಅತ್ತೆ, ನಾನು, ನೀನು, ನಾಲ್ಕು ವರ್ಷದ ಅಕ್ಷತಾ ಇನ್ನೊಂದರಲ್ಲಿ.

ಕಾವಲುಗಾರ ಬಂದವನೇ ಹೇಳಿದ್ದ: "ತಿನ್ನೂದು ಒಂದು ಚೂರೂ ಒಳಗ ಇಡಬ್ಯಾಡ್ರಿ. ಇಲ್ಲಿನ ಮಂಗ್ಯಾಗಳು ಮಂದಿಗಿ ಅಂಜೂದಿಲ್ಲ, ಜಿಪ್ ಎಳದು ಒಳಗ ಬರ್ತಾವ."

ರೊಟ್ಟಿ, ಚಟ್ನಿಪುಡಿ, ಅತ್ತೆ ಮಾಡಿದ್ದ ಶೇಂಗಾ ಹೋಳಿಗೆಯ ಡಬ್ಬಿ, ಎಲ್ಲವೂ ಊಟದ ಮನೆಯ ಕಬ್ಬಿಣದ ಪೆಟ್ಟಿಗೆಗೆ ಹೋದವು. ಮಗುವಿನ ಬಿಸ್ಕತ್ತಿನ ಪೊಟ್ಟಣವನ್ನೂ ನೀನು ಅಲ್ಲಿಟ್ಟೆ. ನಾನು ಕಣ್ಣಾರೆ ಕಂಡಿದ್ದೇನೆ.

ಹೋಗದೆ ಉಳಿದದ್ದು ನನ್ನ ಗಂಟು. ನನ್ನ ತವರೂರು ಗೂಗಲ್ಲಿನಿಂದ ಅವ್ವ ಕಟ್ಟಿ ಕಳಿಸಿದ್ದ ಶೇಂಗಾ ಹೋಳಿಗೆ. ಪೆಟ್ಟಿಗೆಯಲ್ಲಿಟ್ಟರೆ ಎಲ್ಲರಿಗೂ ಹಂಚಿ ನನ್ನ ಪಾಲಿಗೆ ಒಂದು ಬರುತ್ತದೆ ಎಂಬ ಸಣ್ಣ ಬುದ್ಧಿ. ತವರಿನ ಪ್ರೀತಿ, ಅವ್ವನ ಕೈರುಚಿ ಎಂದೆಲ್ಲ ಬಣ್ಣ ಹಚ್ಚಬಹುದು — ಬೇಡ. ಹಂಚಿಕೊಳ್ಳುವ ಮನಸ್ಸಿರಲಿಲ್ಲ, ಅಷ್ಟೇ. ಗಂಟನ್ನು ನಿನ್ನ ಚೀಲದ ಹಿಂದೆ, ಕೌದಿಯ ಮಡಿಕೆಯೊಳಗೆ ತುರುಕಿದೆ.

ದೂರದ ದಾರಿಗೆ ಸಿಹಿ ಕಟ್ಟಿದರೆ ಅವ್ವ ಅದರಲ್ಲಿ ಒಂದು ಚೂರು ಇದ್ದಿಲು ಇಡುತ್ತಿದ್ದಳು, ದೃಷ್ಟಿ ತಾಗದಿರಲೆಂದು. ನಮ್ಮ ಅತ್ತೆಯ ಮನೆಯಲ್ಲಿ ಆ ಪದ್ಧತಿಯಿಲ್ಲ. "ಉಣ್ಣೂದ್ರಾಗ ಮಸಿ ಯಾಕವಾ?" ಎಂದು ಅವರು ನನ್ನ ಬುತ್ತಿ ಬಿಚ್ಚಿದಾಗಲೆಲ್ಲ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ನಾವೆಲ್ಲ ಊಟದ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಅಕ್ಷತಾ ಇನ್ನೂ ಮಲಗಿದ್ದಳು. ನೀನು ಅವಳಿಗೆ ಹಾಲು ಒಯ್ಯಲೆಂದು ಡೇರೆಯಿಂದ ಎದ್ದು ಬಂದೆ — ನೂರು ಹೆಜ್ಜೆಯೂ ಇಲ್ಲ, ಜಿಪ್ ಹಾಕಿಯೇ ಬಂದಿದ್ದೆ. ಮಗು ಕಿರುಚಿದ್ದು ಕೇಳಿ ಓಡಿದರೆ ಡೇರೆಯ ಬಾಯಿ ತೆರೆದಿತ್ತು. ದೊಡ್ಡ ಮಂಗವೊಂದು ಒಳಗೇ ಅರ್ಧ ಹರಿದ ಗಂಟು ಹಿಡಿದು ಮರವೇರಿ, ನಮ್ಮನ್ನೇ ನೋಡುತ್ತ ನಿಧಾನವಾಗಿ ಬಿಚ್ಚುತ್ತಿತ್ತು. ನಿನ್ನ ಚೀಲ ಹರಿದು ಬಿದ್ದಿತ್ತು. ಅಕ್ಷತಾಳ ಎಡತೋಳಿನಲ್ಲಿ ಮೂರು ಗೀರು, ರಕ್ತ.

ಕೌದಿಯ ಮೇಲೆಲ್ಲ ಹೋಳಿಗೆಯ ಚೂರು. ಯಾರ ಮನೆಯ ಹೋಳಿಗೆಯಾದರೂ ಚೂರಾದ ಮೇಲೆ ಗುರುತು ಸಿಗುವುದಿಲ್ಲ. ಗಂಟಿನ ಬಟ್ಟೆಯೂ ಮರದ ಎತ್ತರದಲ್ಲಿ ಯಾರದೆಂದು ತಿಳಿಯುವಂತಿರಲಿಲ್ಲ. ದಾರಿಯಲ್ಲಿ ಡಬ್ಬಿ ತೆಗೆತೆಗೆದು ತಿಂದು ಎಲ್ಲರಿಂದ ಕಾಡಿಸಿಕೊಂಡವಳು ನೀನು. ನನ್ನ ಮೈದುನ, ನಿನ್ನ ಗಂಡ, ಮಗುವನ್ನು ಎತ್ತಿಕೊಂಡು ನಿನ್ನ ಕಡೆ ತಿರುಗಿದ.

"ನಿನ್ನ ತಿನ್ನೂ ಚಟಕ್ಕ ಕೂಸಿನ ಮೈ ಪರಚಿಸಿದ್ಯಲ್ಲ! ನೀ ತಾಯೇನು?"

"ನಾ ಎಲ್ಲಾ ಪೆಟ್ಟಿಗ್ಯಾಗ ಇಟ್ಟೀನ್ರೀ..." ಎಂದೆ ನೀನು. ಆಮೇಲೆ ಆ ಚೂರುಗಳನ್ನು ನೋಡಿ ದನಿ ಇಳಿಸಿದೆ. "ಒಂದೆರಡು ಚೀಲದಾಗ ಉಳದಿರಬೇಕು."

ಆಗಲೇ ನನಗದು ಕಂಡದ್ದು — ಚೂರುಗಳ ನಡುವೆ ಇದ್ದಿಲು. ಅತ್ತೆಯ ಕಣ್ಣಿಗೆ ಬಿದ್ದಿದ್ದರೆ ಗಂಟು ಯಾರದೆಂದು ಯಾರೂ ಕೇಳಬೇಕಿರಲಿಲ್ಲ. ಹಾಸಿಗೆ ಝಾಡಿಸುವವಳಂತೆ ಬಾಗಿ ಅದನ್ನು ಮುಷ್ಟಿಯೊಳಗೆ ಹಿಡಿದೆ. ನಿಜ ಹೇಳಲು ಆ ಒಂದು ಗಳಿಗೆ ಸಾಕಿತ್ತು. ನಾನು ಹೇಳಿದ್ದು, "ಮೊದಲ ದವಾಖಾನಿಗಿ ನಡೀರಿ" ಎಂದು. ಎಲ್ಲರಿಗೂ ನಾನೇ ತಿಳಿವಳಿಕಸ್ಥೆಯಾಗಿ ಕಂಡೆ. ಜೀಪಿನಲ್ಲಿ ನೀನು ನನ್ನ ಹೆಗಲಿಗೆ ತಲೆಯಿಟ್ಟು ಅಳುತ್ತಿದ್ದೆ. ನಾನು ಮಸಿ ಹತ್ತಿದ ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ನಿನ್ನ ಬೆನ್ನು ಸವರಿದೆ.

ಸೂಜಿಗಳು ಮುಗಿದವು, ಗಾಯ ಮಾಯಿತು. ಆದರೆ ಕವಿತಾಳದ ಮದುವೆಗೇ ಹೊರಡಲಿ, ಯರಗೇರಾದ ಬೀಗರ ಮನೆಗೇ ಹೊರಡಲಿ, ಅತ್ತೆ ಇಂದಿಗೂ ನಗುನಗುತ್ತ ನಿನ್ನ ಚೀಲ ಕೇಳುತ್ತಾರೆ: "ತೋರಸವಾ, ತಿನ್ನೂದು ಏನರ ಅದ ಏನು?" ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ. ನೀನೂ ನಗುತ್ತಲೇ ಚೀಲ ತೆರೆದು ತೋರಿಸುತ್ತೀಯ. ಹಬ್ಬಕ್ಕೆ ಹೋಳಿಗೆ ಮಾಡುತ್ತೀಯ, ಬಡಿಸುತ್ತೀಯ, ಒಂದು ತುಂಡನ್ನೂ ಬಾಯಿಗಿಡುವುದಿಲ್ಲ. ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು.

ಪಾಠ ಹೇಳಲು ನಾನಿರುವ ಮಾನ್ವಿಯಲ್ಲಿ ಭಾನುವಾರ ನಿಮ್ಮಲ್ಲಿಗೆ ಬಸ್ಸು ಹತ್ತುವಾಗ ಎಷ್ಟೋ ಸಲ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡಿದ್ದೇನೆ. ರಾಯಚೂರು ಬರುವಷ್ಟರಲ್ಲಿ ಮನಸ್ಸು ಜಾರುತ್ತಿತ್ತು. ಹಿರಿಯ ಸೊಸೆ, ಮಕ್ಕಳಿಗೆ ಪಾಠ ಹೇಳುವ ಮಾಸ್ತರಿಣಿ — ಈ ಹೆಸರು ನನಗೆ ನಿನಗಿಂತ ದೊಡ್ಡದಾಗಿತ್ತು. ಅವ್ವ ತೀರಿಕೊಂಡಳು, ಅವಳಿಗೂ ಹೇಳಲಿಲ್ಲ.

ಹೋದ ಭಾನುವಾರ ಅಕ್ಷತಾ ಶಾಲೆಯ ಗೈಡ್ಸ್ ಶಿಬಿರದ ಒಪ್ಪಿಗೆ ಕಾಗದ ತಂದಳು. ಕಾಡಿನಲ್ಲಿ ಮೂರು ದಿನ. ನೀನು ಸಹಿ ಹಾಕದೆ ಅಡುಗೆಮನೆಗೆ ಎದ್ದು ಹೋದೆ. ಯಾಕೆಂದು ನಾನು ಹಿಂದೆಯೇ ಬಂದು ಕೇಳಿದೆ.

"ಉಳದ ತಾಯಂದಿರು ಕಳಸ್ಲಿ ಅಕ್ಕಾ. ನಾ ಒಮ್ಮಿ ಮೈಮರತಾಕಿ. ನನ್ನ ಮ್ಯಾಲ ನನಗ ನಂಬಿಗಿ ಇಲ್ಲ."

ನನ್ನ ಸುಳ್ಳನ್ನು ನೀನು ಇಷ್ಟು ಆಳವಾಗಿ ನಂಬಿದ್ದೀಯ ಎಂದು... ಆಗಲೂ ನಾನು ಲೋಟ ತೊಳೆದಿಟ್ಟು ಹೊರಗೆ ಬಂದೆ. ಪಡಸಾಲೆಯಲ್ಲಿ ಅಕ್ಷತಾ ಆ ಕಾಗದವನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದಳು.

ಈ ಪತ್ರವನ್ನು ನಿನ್ನೊಬ್ಬಳ ಕೈಗೆ ಕೊಟ್ಟರೆ ಏನಾಗುತ್ತದೆಂದು ಬಲ್ಲೆ. ಓದಿ ಅಳುತ್ತೀಯ, "ಆಗಿದ್ದು ಆತು ಬಿಡಕ್ಕಾ" ಎಂದು ಒಲೆಗೆ ಹಾಕುತ್ತೀಯ. ನನ್ನ ಮರ್ಯಾದೆ ಉಳಿಸಲು ಮತ್ತೆ ನೀನೇ ಬೈಗುಳ ಹೊರುತ್ತೀಯ. ಅದಕ್ಕೇ ಕೊಡುವುದಿಲ್ಲ. ಈ ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ, ಅತ್ತೆಯ ಎದುರಿಗೆ, ಮೈದುನನ ಎದುರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಅಕ್ಷತಾಳ ಎದುರಿಗೆ, ನಾನೇ ಎದ್ದು ನಿಂತು ಓದುತ್ತೇನೆ. ಆಮೇಲೆ ಅವರು ನನಗೆ ಏನೆನ್ನುತ್ತಾರೋ ಅನ್ನಲಿ.

ನೀನು ಬಡಿಸಲು ಏಳಬೇಡ, ಶೋಭಾ. ಅವತ್ತು ಬಡಿಸುವವಳು ನಾನು. ನೀನು ಮಗಳ ಪಕ್ಕದಲ್ಲಿ ತಾಟಿನ ಮುಂದೆ ಕೂತಿರು, ಶಿಬಿರದ ಆ ಒಪ್ಪಿಗೆ ಕಾಗದವನ್ನೂ ಒಂದು ಪೆನ್ನನ್ನೂ ಹತ್ತಿರ ಇಟ್ಟುಕೊಂಡು.