‘ಮೇಲಿನಂತೆ’ ಎಂದು ಬರೆಯದ ಕೈ

ಬೆಳಗ್ಗೆ ಆರೂವರೆ. ಶಾಲೆಯ ಗೇಟು ಇನ್ನೂ ಅರ್ಧ ಮುಚ್ಚಿದೆ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಒಳಗೆ ಐವತ್ತಾರರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಲಸಿಕೆ ಕಾರ್ಡಿನ ಜೆರಾಕ್ಸ್ ಪ್ರತಿಯನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ತಾರೀಕುಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾರೆ. ಗಂಟೆ ಬಾರಿಸುವುದರೊಳಗೆ ನಲವತ್ತು ಮಕ್ಕಳ ಕಾರ್ಡು ತಾಳೆ ನೋಡಿ ಮುಗಿಸಬೇಕು.

ಮಕ್ಕಳ ಬಾಯಲ್ಲಿ ಇವರು ‘ಚುಚ್ಚಮ್ಮ’. ಅನ್ಯಾಯ ನೋಡಿ! ಜೀವಮಾನದಲ್ಲಿ ಇವರು ಸಿರಿಂಜು ಹಿಡಿದವರೇ ಅಲ್ಲ. ಚುಚ್ಚುವುದು ಆರೋಗ್ಯ ಕೇಂದ್ರದ ನರ್ಸು, ಕೆಟ್ಟ ಹೆಸರು ಮಾತ್ರ ಶಾಲೆಯ ಈ ಗುಮಾಸ್ತೆಗೆ. “ನನ್ನ ಹತ್ರ ಇರೋದು ಪೆನ್ನು ಒಂದೇ. ಅದಕ್ಕೂ ಹೆದರ್ಕೊಂಡು ಓಡ್ತಾವೆ” ಎಂದು ನಗುತ್ತಾರೆ.

ಸಾವಿರದ ನೂರನಲವತ್ತು ಮಕ್ಕಳು, ಒಬ್ಬೊಬ್ಬರಿಗೆ ಹತ್ತಾರು ಲಸಿಕೆ. ಯಾರಿಗೆ ಯಾವುದು ಆಗಿದೆ, ಯಾವುದು ಬಾಕಿ ಎಂಬುದನ್ನು ಇಪ್ಪತ್ತೆರಡು ವರ್ಷದಿಂದ ಇವರೇ ನೋಡಿಕೊಳ್ಳುತ್ತಿದ್ದಾರೆ. ಕಾರ್ಡು ಪೂರ್ತಿಯಾಗದೆ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ ಎನ್ನುವುದು ಶಾಲೆಯ ನಿಯಮ. ಹಾಗಾಗಿ ದಿನಕ್ಕೆ ಹದಿನೈದು ಫೋನು, ಅದರಲ್ಲಿ ಆರೇಳು ಬೈಗುಳ. ಒಬ್ಬರ ಕಾರ್ಡು ಗೆದ್ದಲು ತಿಂದಿದೆ, ಇನ್ನೊಬ್ಬರದು ಅಂಗಿಯ ಜೇಬಿನಲ್ಲಿ ಒಗೆದು ಹೋಗಿ ಮುದ್ದೆಯಾಗಿದೆ. “ಮಗು ಮುಖ ನೋಡಿದ್ರೆ ಗೊತ್ತಾಗಲ್ವಾ, ಗಟ್ಟಿಮುಟ್ಟಾಗಿದೆ ಅಂತ?” ಎಂದು ಜಗಳಕ್ಕೆ ಬಂದ ಅಜ್ಜಿಯೂ ಉಂಟು. ಮನೆಯಲ್ಲಿ ಗಂಡನದು ಬೇರೆಯದೇ ದೂರು: “ಊರಿನ ಮಕ್ಕಳ ತಾರೀಕೆಲ್ಲ ಇವಳಿಗೆ ಬಾಯಿಪಾಠ. ನಾನು ಹುಟ್ಟಿದ ದಿನ ಮಾತ್ರ ನಾನೇ ನೆನಪಿಸ್ಬೇಕು!”

ಇಷ್ಟೆಲ್ಲ ಅಚ್ಚುಕಟ್ಟಿನವರ ಕೈಯಿಂದಲೂ ಒಂದು ತಪ್ಪಾಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಕೇಳುವ ಮೊದಲೇ ಹೇಳಿಬಿಡುತ್ತಾರೆ.

ಹೋದ ವರ್ಷ ಮೂರನೇ ತರಗತಿಯ ಒಂದು ಮಗುವಿಗೆ ದಡಾರ ಬಂತು. ಆ ತರಗತಿಯಲ್ಲಿ ಎರಡನೇ ಡೋಸ್ ಆಗದವರು ಯಾರು ಎಂದು ಮರುದಿನ ಬೆಳಗ್ಗೆಯೇ ಮುಖ್ಯೋಪಾಧ್ಯಾಯಿನಿ ಕೇಳಿದರು. ರಿಜಿಸ್ಟರಿನ ಪ್ರಕಾರ ಒಬ್ಬರೂ ಇಲ್ಲ. ಯಾಕೋ ಸಮಾಧಾನವಾಗದೆ ಇವರು ಕಾರ್ಡುಗಳ ಪ್ರತಿ ತೆಗೆದರು. ಆ ತರಗತಿಯಲ್ಲಿ ಅವಳಿ ಹುಡುಗಿಯರಿದ್ದಾರೆ. ಅಕ್ಕನ ಕಾರ್ಡಿನಲ್ಲಿ ಎರಡನೇ ಡೋಸಿನ ತಾರೀಕು ಇದೆ. ತಂಗಿಯ ಕಾರ್ಡಿನಲ್ಲಿ ಆ ತಾರೀಕಿನ ಮನೆ ಖಾಲಿ. ರಿಜಿಸ್ಟರಿನಲ್ಲಿ ಮಾತ್ರ ತಂಗಿಯ ಸಾಲಿನುದ್ದಕ್ಕೂ ಒಂದೇ ಮಾತು: ‘ಮೇಲಿನಂತೆ’. ಬರವಣಿಗೆ ಇವರದೇ.

“ಅವಳಿಗಳಲ್ವಾ, ಒಟ್ಟಿಗೇ ಹೋಗಿರ್ತಾರೆ, ಒಟ್ಟಿಗೇ ಹಾಕಿಸ್ಕೊಂಡಿರ್ತಾರೆ ಅಂದ್ಕೊಂಡೆ. ನೋಡಿ ಬರೀಲಿಲ್ಲ, ಅಂದ್ಕೊಂಡು ಬರ್ದೆ.”

“ಸದ್ಯ, ಯಾರೂ ನೋಡಿಲ್ಲ. ಸುಮ್ನೆ ತಿದ್ದಿಬಿಡಿ” ಎಂದರಂತೆ ಮುಖ್ಯೋಪಾಧ್ಯಾಯಿನಿ. ಇವರು ಒಪ್ಪಲಿಲ್ಲ. “ಮೊದ್ಲು ಮಗುಗೆ ಲಸಿಕೆ ಆಗ್ಲಿ ಮೇಡಂ. ನಿಜ ಹೇಳ್ದೆ ಅವರಮ್ಮನ್ನ ಹೇಗೆ ಕರೀಲಿ?”

ತಾಯಿ ಕೆಲಸ ಬಿಟ್ಟು ಓಡಿಬಂದರು. ಕಾರ್ಡಿನ ಖಾಲಿ ಮನೆ ಕಂಡಾಗ ಅವರಿಗೂ ನೆನಪಾಯಿತು: ಆ ದಿನ ಚಿಕ್ಕವಳಿಗೆ ಜೋರು ಜ್ವರವಿತ್ತು, ಮುಂದಿನ ವಾರ ಕರೆದುಕೊಂಡು ಬನ್ನಿ ಎಂದು ನರ್ಸು ಕಳಿಸಿದ್ದರು, ಆ ಮುಂದಿನ ವಾರ ಬರಲೇ ಇಲ್ಲ. “ಶಾಲೇಲಿ ಎಲ್ಲಾ ಆಗಿದೆ ಅಂದ್ರಿ, ನಿಮ್ಮನ್ನ ನಂಬಿ ಕೂತಿದ್ನಲ್ಲ ಅಕ್ಕಾ” ಎಂದರು. ಈ ಮಾತು ಹೇಳುವಾಗ ಚುಚ್ಚಮ್ಮನ ದನಿ ಈಗಲೂ ಇಳಿಯುತ್ತದೆ.

ಹನ್ನೊಂದು ಗಂಟೆಯೊಳಗೆ ಆರೋಗ್ಯ ಕೇಂದ್ರದಲ್ಲಿ ತಂಗಿಗೆ ಲಸಿಕೆಯಾಯಿತು. ಸೋಂಕು ತಗುಲಿ ಮೂರು ದಿನ ಕಳೆದಿರದಿದ್ದರೆ ಲಸಿಕೆ ಕಾಪಾಡಬಹುದು ಎಂದರು ವೈದ್ಯರು. ಆಮೇಲೆ ಕಾಯುವುದು. ಮೂರು ವಾರ, ದಿನವೂ ತಾಯಿಗೆ ಒಂದು ಫೋನು: ಜ್ವರ ಇದೆಯಾ, ಕಣ್ಣು ಕೆಂಪಗಿದೆಯಾ, ಮೈಮೇಲೆ ಗುಳ್ಳೆ ಎದ್ದಿದೆಯಾ? ಅವರ ಬೀದಿಯಲ್ಲೇ ನಾಲ್ಕು ಮಕ್ಕಳು ದಡಾರ ಬಂದು ಹಾಸಿಗೆ ಹಿಡಿದವು. ಈ ಮಗುವಿಗೆ ಏನೂ ಆಗಲಿಲ್ಲ.

ತಪ್ಪನ್ನು ಬರಹದಲ್ಲಿ ಒಪ್ಪಿಕೊಂಡ ಮೇಲೆ, ಶಾಲೆಯ ಎಲ್ಲ ಮಕ್ಕಳ ಕಾರ್ಡನ್ನೂ ಮೊದಲಿನಿಂದ ನೋಡಲು ಕುಳಿತರು. ಇನ್ನೂ ಹನ್ನೊಂದು ಖಾಲಿ ಮನೆಗಳು ಸಿಕ್ಕವು, ಎಲ್ಲವೂ ಒಡಹುಟ್ಟಿದವರದೇ. ಈಗ ಲಸಿಕೆ ಹಾಕಿಸಿ ಹನ್ನೊಂದೂ ತುಂಬಿವೆ. ಅಂದಿನಿಂದ ಇವರು ‘ಮೇಲಿನಂತೆ’ ಎಂದು ಬರೆದೇ ಇಲ್ಲ. ವರ್ಷಕ್ಕೆ ಎರಡು ಸಲ ಇಡೀ ಶಾಲೆಯನ್ನು ಹೀಗೆ ತಾಳೆ ನೋಡುತ್ತಾರೆ. ಯಾರೂ ಹೇಳಿ ಮಾಡಿಸುತ್ತಿಲ್ಲ. “ಈಗ ಯಾವ ಸಾಲು ಬೇಕಾದ್ರೂ ತೋರ್ಸಿ, ಕಾರ್ಡು ತೆಗೆದು ಕೈಗೆ ಕೊಡ್ತೀನಿ” ಎನ್ನುವಾಗ ಅವರ ಕತ್ತು ನೆಟ್ಟಗಾಗುತ್ತದೆ.

ಆ ತಂಗಿ ಈಗ ನಾಲ್ಕನೇ ತರಗತಿ. ಅಕ್ಕನನ್ನು ಬಿಟ್ಟು ತನಗೊಬ್ಬಳಿಗೇ ಯಾಕೆ ಚುಚ್ಚಿಸಿದರು ಎಂಬ ಸಿಟ್ಟು ಅವಳಿಗೆ ಇನ್ನೂ ಹೋಗಿಲ್ಲ. ಎದುರು ಸಿಕ್ಕರೆ ಮುಖ ಊದಿಸಿಕೊಂಡು, ಜಡೆ ಬೀಸಿಕೊಂಡು ಹೋಗುತ್ತಾಳೆ. ನಿಜ ಸಂಗತಿ ಹೇಳಿ ರಾಜಿಯಾಗಬಾರದೇ ಎಂದರೆ ಇವರು ಬೇಡವೆಂದು ತಲೆಯಾಡಿಸುತ್ತಾರೆ.

“ದೊಡ್ಡೋಳಾದ್ಮೇಲೆ ನಾನೇ ಹೇಳ್ತೀನಿ. ಈಗ ಕೋಪ ಮಾಡ್ಕೊಂಡು ದಡದಡ ಓಡ್ತಾಳಲ್ಲ, ಓಡ್ಲಿ. ಅದನ್ನ ನೋಡ್ತಾ ನಿಂತ್ಕೊಳ್ಳೋದೇ ನಂಗೆ ಖುಷಿ.”